ಡಿಸ್ಚಾರ್ಜ್ ಆದ ಮೇಲೆ ಯಾರು? ಮನಸ್ಸಿನ ಕಾಯಿಲೆಯ ಚೇತರಿಕೆಯಲ್ಲಿ ಜೊತೆಗಾರರ ಕೆಲಸ

ಮಂಗಳೂರು, ಉಡುಪಿ ಕಡೆ ಮನೋವೈದ್ಯರಿಗೆ ಬರ ಇಲ್ಲ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆಸ್ಪತ್ರೆ ಉಂಟು. ದೇರಳಕಟ್ಟೆಗೆ ಹೋದರೆ ಒಂದರ ಬೆನ್ನಿಗೆ ಇನ್ನೊಂದು ಮೆಡಿಕಲ್ ಕಾಲೇಜು. ಮಣಿಪಾಲದಲ್ಲಿ ಕೆಎಂಸಿ, ಉಡುಪಿಯಲ್ಲಿ ಡಾ. ಎ.ವಿ. ಬಾಳಿಗಾ ಆಸ್ಪತ್ರೆ, ಸರಕಾರಿಯೇ ಬೇಕೆಂದರೆ ವೆನ್ಲಾಕ್ ಮತ್ತು ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಅಷ್ಟೆಲ್ಲ ಇದ್ದೂ ಇಲ್ಲಿಯ ಮನೆಗಳಲ್ಲಿ ಕೇಳುವ ಕತೆ ಒಂದೇ ಥರ. ಹುಡುಗನಿಗೆ ಮಂಡೆ ಸರಿ ಇಲ್ಲ ಅಂತ ಅಡ್ಮಿಟ್ ಮಾಡಿದರು, ಮದ್ದು ಹಿಡಿಯಿತು, ಕೆಲವು ವಾರದಲ್ಲಿ ಸುಧಾರಿಸಿ ಮನೆಗೆ ಬಂದ, ಬಂದವನು ರೂಮಿನ ಬಾಗಿಲು ಹಾಕಿ ಮಲಗಿದ, ಹಳೆಯ ಫ್ರೆಂಡ್ಸ್ ಯಾರೂ ಬರಲಿಲ್ಲ, ಕೆಲಸ ಹೋಗಿತ್ತು, ಮದ್ದಿನಿಂದ ಹೊಟ್ಟೆ ಬಂತು, ಯಾರಿಗೂ ಹೇಳದೆ ಮದ್ದು ನಿಲ್ಲಿಸಿದ, ಮುಂದಿನ ಮಳೆಗಾಲದ ಹೊತ್ತಿಗೆ ಮತ್ತೆ ಅದೇ ವಾರ್ಡು.

ಇದಕ್ಕೆ ಡಾಕ್ಟರನ್ನು ಬೈದು ಪ್ರಯೋಜನ ಇಲ್ಲ. ಒಪಿಡಿ ಹೊರಗೆ ಅಷ್ಟುದ್ದ ಕ್ಯೂ ಇರುವಾಗ ನಿದ್ದೆ ಬರ್ತದಾ, ಊಟ ಸೇರ್ತದಾ, ಮದ್ದು ತಗೊಳ್ತೀರಾ ಅಂತ ಕೇಳಿ ಚೀಟಿ ಬರೆಯುವಷ್ಟರಲ್ಲಿ ಸಮಯ ಮುಗಿಯುತ್ತದೆ. ಮನೆಯವರನ್ನು ಬೈದೂ ಪ್ರಯೋಜನ ಇಲ್ಲ, ಅವರೇ ಸೋತು ಸುಣ್ಣವಾಗಿರುತ್ತಾರೆ. ಕೊರತೆ ಇರುವುದು ಈ ಇಬ್ಬರ ನಡುವೆ. ‘ನನಗೂ ಹೀಗೇ ಆಗಿತ್ತು, ಈಗ ಕೆಲಸಕ್ಕೆ ಹೋಗ್ತಿದ್ದೇನೆ, ಬಾ, ಒಂದು ಚಾ ಕುಡಿಯುವ’ ಅಂತ ಹೇಳುವ ಮೂರನೆಯವರು ಇಲ್ಲ. ಆ ಮೂರನೆಯವರ ಕೆಲಸಕ್ಕೆ ಪೀರ್ ಸಪೋರ್ಟ್ ಅನ್ನುತ್ತಾರೆ. ಜೊತೆಗಾರರ ಬೆಂಬಲ ಅಂತ ಇಟ್ಟುಕೊಳ್ಳೋಣ. ನೋಡಲು ಸುಮ್ನೆ ಮಾತಾಡಿದ ಹಾಗೆ ಕಾಣುತ್ತದೆ. ಆದರೆ ಅದಕ್ಕೊಂದು ರೀತಿ ಉಂಟು, ಮಿತಿಯೂ ಉಂಟು.

ಮೊದಲು ‘ಗುಣ ಆಯ್ತು’ ಅಂದರೆ ಏನು ಅಂತ ನೋಡಬೇಕು. ಡಾಕ್ಟರ ಲೆಕ್ಕದಲ್ಲಿ ಗುಣ ಅಂದರೆ ಲಕ್ಷಣ ಇಳಿಯುವುದು. ಕಿವಿಯಲ್ಲಿ ಕೇಳುತ್ತಿದ್ದ ಧ್ವನಿ ನಿಂತಿತು ಅಥವಾ ಕಡಿಮೆ ಆಯಿತು, ನಿದ್ದೆ ಸರಿಯಾಯಿತು, ಸಾಯಬೇಕು ಅನ್ನುವ ಯೋಚನೆ ಹೋಯಿತು. ಇದು ಬೇಕೇ ಬೇಕು. ಇದಿಲ್ಲದೆ ಮುಂದಿನದು ಯಾವುದೂ ಇಲ್ಲ. ಆದರೆ ಕಾಯಿಲೆ ಅನುಭವಿಸಿದವರನ್ನೇ ಕೇಳಿ ನೋಡಿ. ಅವರಿಗೆ ಗುಣ ಅಂದರೆ ಮತ್ತೆ ಬೈಕ್ ಓಡಿಸುವುದು, ಚಿಕ್ಕಮ್ಮನ ಮಗಳ ಮದುವೆಗೆ ಹೋಗಿ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣುವುದು, ತಿಂಗಳ ಕೊನೆಗೆ ತನ್ನದೇ ಅಂತ ನಾಲ್ಕು ಕಾಸು ಕೈಯಲ್ಲಿರುವುದು. 2011ರಲ್ಲಿ ಬ್ರಿಟನ್ನಿನ ಸಂಶೋಧಕರು ಚೇತರಿಕೆ ಬಗ್ಗೆ ಬಂದ ಬರಹಗಳನ್ನು ಜಾಲಾಡಿ ಐದು ಸಂಗತಿ ಹೆಕ್ಕಿದರು. ಜನರ ಜೊತೆ ನಂಟು, ನಾಳೆಯ ಬಗ್ಗೆ ಭರವಸೆ, ‘ನಾನು ರೋಗಿ’ ಅನ್ನುವುದರಾಚೆ ಒಂದು ಗುರುತು, ಬದುಕಿಗೆ ಏನೋ ಒಂದು ಅರ್ಥ, ತನ್ನ ವಿಷಯವನ್ನು ತಾನೇ ತೀರ್ಮಾನಿಸುವ ಬಲ. ಈ ಐದರಲ್ಲಿ ಯಾವುದು ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ ಹೇಳಿ? ಇನ್ನೊಂದು ವಿಷಯ. ಲಕ್ಷಣ ಪೂರ್ತಿ ಹೋಗದಿದ್ದರೂ ಈ ಐದು ಬರಬಹುದು. ಧ್ವನಿ ಆಗಾಗ ಕೇಳಿಸುತ್ತಿದ್ದರೂ ಅಂಗಡಿ ನಡೆಸುವವರು ಇದ್ದಾರೆ. ಲಕ್ಷಣ ಪೂರ್ತಿ ಹೋದರೂ ಈ ಐದು ಬರದೇ ಇರಬಹುದು, ನಮ್ಮ ಊರಿನ ಹುಡುಗನ ಹಾಗೆ.

ಕಾಯಿಲೆ ಅನುಭವಿಸಿದವರೇ ಇನ್ನೊಬ್ಬರಿಗೆ ಆಸರೆ ಆಗುವುದು ಹೊಸ ಫ್ಯಾಷನ್ ಅಲ್ಲ. 1790ರ ದಶಕದಲ್ಲಿ ಪ್ಯಾರಿಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಝಾನ್-ಬಾಪ್ತಿಸ್ತ್ ಪ್ಯುಸ್ಸಾಂ ಅನ್ನುವ ಮೇಲ್ವಿಚಾರಕ ಇದ್ದ. ಅವನೂ ಹಿಂದೆ ಅದೇ ಆಸ್ಪತ್ರೆಯಲ್ಲಿ ಬೇರೆ ಒಂದು ಕಾಯಿಲೆಗೆ ರೋಗಿಯಾಗಿ ಇದ್ದವನು. ಮಾನಸಿಕ ರೋಗಿಗಳ ವಾರ್ಡಿಗೆ ಕೆಲಸದವರನ್ನು ಆರಿಸುವಾಗ ಅವನು ಚೇತರಿಸಿಕೊಂಡ ರೋಗಿಗಳನ್ನೇ ತೆಗೆದುಕೊಳ್ಳುತ್ತಿದ್ದ, ಅವರು ಹೊಡೆಯುವುದಿಲ್ಲ, ಕನಿಕರದಿಂದ ನಡೆದುಕೊಳ್ಳುತ್ತಾರೆ ಅನ್ನುವುದು ಅವನು ಕಂಡುಕೊಂಡ ಸತ್ಯ. ಅಲ್ಲಿಗೆ ಡಾಕ್ಟರಾಗಿ ಬಂದ ಫಿಲಿಪ್ ಪಿನೆಲ್ ಇದನ್ನು ನೋಡಿ ಕಲಿತ. ಮಾನಸಿಕ ರೋಗಿಗಳ ಸರಪಳಿ ಬಿಚ್ಚಿದವನು ಅಂತ ಇತಿಹಾಸ ಪಿನೆಲ್‌ನನ್ನು ಹೊಗಳುತ್ತದೆ. ಬಿಸೆತ್ರ್‌ನಲ್ಲಿ ಆ ಕೆಲಸ ಮಾಡಿದ್ದು ಪ್ಯುಸ್ಸಾಂ. ಇರಲಿ.

ಈಗ ಜೊತೆಗಾರ ಏನು ಮಾಡುತ್ತಾನೆ ಅನ್ನುವುದಕ್ಕೆ ಬರೋಣ. ಡಿಪ್ರೆಷನ್ ಮದ್ದು ಶುರು ಮಾಡಿದರೆ ಮನಸ್ಸು ಹಗುರಾಗಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಆದರೆ ಹೊಟ್ಟೆ ತೊಳಸುವುದು, ಚಡಪಡಿಕೆ, ಬಾಯಿ ಒಣಗುವುದು ಮೊದಲ ವಾರವೇ ಬರುತ್ತದೆ. ಅಂದರೆ ಉಪದ್ರ ಮೊದಲು, ಉಪಕಾರ ಆಮೇಲೆ. ತುಂಬ ಜನ ಮದ್ದು ಬಿಡುವುದು ಇಲ್ಲಿಯೇ. ಡಾಕ್ಟರು ಇದನ್ನು ಮೊದಲೇ ಹೇಳಿರುತ್ತಾರೆ. ಆದರೆ ಆ ಸ್ಥಿತಿಯಲ್ಲಿ ಕೂತವರ ಕಿವಿಗೆ ಅದು ಬಿದ್ದಿರುವುದಿಲ್ಲ. ಹತ್ತನೇ ದಿನ ‘ಇದರಿಂದ ಎಂಥ ಉಪಯೋಗವೂ ಇಲ್ಲ’ ಅಂತ ಅನಿಸುವಾಗ, ಅದೇ ಹತ್ತನೇ ದಿನ ದಾಟಿ ಬಂದವಳೊಬ್ಬಳು ಫೋನಿನಲ್ಲಿ ‘ನನಗೂ ಆಗ ಬಿಸಾಡುವ ಅಂತಲೇ ಆಗಿತ್ತು ಮಾರಾಯ್ತಿ, ಮೂರನೇ ವಾರ ಒಂದು ಬೆಳಗ್ಗೆ ಎದ್ದು ತಿಂಡಿ ಮಾಡಿದೆ, ಆಗ ಗೊತ್ತಾಯ್ತು’ ಅಂತ ಹೇಳಿದರೆ ಆ ಮಾತಿನ ತೂಕವೇ ಬೇರೆ, ಅಲ್ವಾ?

ಬೈಪೋಲಾರ್ ಇದ್ದವರ ಕತೆ ನೋಡಿ. ಮನಸ್ಸು ಒಮ್ಮೆ ಪಾತಾಳಕ್ಕೆ ಇಳಿದು ಒಮ್ಮೆ ಮಿತಿ ಮೀರಿ ಹಾರುವ ಕಾಯಿಲೆ ಇದು. ಇದರಲ್ಲಿ ನಿದ್ದೆ ಕೆಡುವುದು ಮುಖ್ಯ ಕಿಡಿ. ಕೆಲವರಿಗೆ ಒಂದೆರಡು ರಾತ್ರಿ ನಿದ್ದೆ ತಪ್ಪಿದರೆ ಸಾಕು, ಮೇನಿಯಾ, ಅಂದರೆ ಆ ಮಿತಿ ಮೀರಿದ ಹಾರಾಟ, ಶುರು. ಬೆಂಗಳೂರಿನ ಪುಸ್ತಕದಲ್ಲಿ ‘ನಿದ್ದೆ ಕಾಪಾಡಿಕೊಳ್ಳಿ’ ಅಂತ ಒಂದು ಸಾಲು ಇರಬಹುದು. ಆದರೆ ನಮ್ಮ ಕಡೆ ನಿದ್ದೆ ಕೆಡಿಸುವ ಸಂಗತಿಗಳು ಬೇರೆಯೇ. ದೀಪಾವಳಿ ಕಳೆದ ಮೇಲೆ ಮೇಳಗಳು ಹೊರಟರೆ ಮೇ ಕೊನೆಯ ಪತ್ತನಾಜೆವರೆಗೆ ಬೆಳಗಾಗುವವರೆಗಿನ ಯಕ್ಷಗಾನ. ನಡುವೆ ದೈವಗಳ ಕೋಲ, ನೇಮ. ಮಲ್ಪೆಯಲ್ಲಿ ಆಗಸ್ಟ್ 1ಕ್ಕೆ ಮೀನುಗಾರಿಕೆ ನಿಷೇಧ ಮುಗಿದರೆ ಬೋಟಿನವರಿಗೆ ದಿನಗಟ್ಟಲೆ ಕಡಲಲ್ಲೇ ಬದುಕು, ಬಲೆ ಎಳೆಯುವುದಕ್ಕೆ ಹಗಲು ರಾತ್ರಿ ಇಲ್ಲ. ಆಟದ, ಅಂದರೆ ಯಕ್ಷಗಾನದ, ಹುಚ್ಚು ಇರುವವನಿಗೆ ‘ಆಟ ನೋಡಬೇಡ’ ಅಂದರೆ ಅವನು ಕೇಳುತ್ತಾನಾ? ಅದೇ ಕಾಯಿಲೆ ಇರುವ ಇನ್ನೊಬ್ಬ ಆಟದ ಹುಚ್ಚಿನವನು ‘ನಾನು ಈಗ ಕಾಲಮಿತಿಯ ಆಟಕ್ಕೆ ಮಾತ್ರ ಹೋಗುವುದು, ಹನ್ನೆರಡಕ್ಕೆ ಮನೆ, ಮದ್ದು ಕಿಸೆಯಲ್ಲೇ ಇಟ್ಟುಕೊಂಡಿರುತ್ತೇನೆ’ ಅಂದರೆ ಕೇಳುತ್ತಾನೆ. ಬೋಟಿಗೆ ಹೋಗುತ್ತಿದ್ದವನಿಗೆ ಬಂದರಿನ ದಕ್ಕೆಯಲ್ಲೇ ಹಗಲು ಹೊತ್ತಿನ ಕೆಲಸ ಯಾವುದುಂಟು ಅಂತ ತಿಳಿದಿರುವುದು ಇನ್ನೊಬ್ಬ ಬೋಟಿನವನಿಗೆ.

ಬೈಪೋಲಾರ್‌ಗೆ ಕೊಡುವ ಲಿಥಿಯಂ ಅನ್ನುವ ಮದ್ದು ತೆಗೆದುಕೊಳ್ಳುವವರಿಗೆ ಇನ್ನೊಂದು ಉಂಟು. ಬೆವರು ಸುರಿದು ಮೈಯ ನೀರು, ಉಪ್ಪು ಕಡಿಮೆ ಆದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರಿ ವಿಷವಾಗಬಹುದು. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡೆಯುವಾಗ ತೂರಾಡುವುದು ಕಂಡರೆ ಕೂಡಲೇ ಆಸ್ಪತ್ರೆ. ನಮ್ಮ ಏಪ್ರಿಲ್, ಮೇ ಸೆಕೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಹತ್ತು ವರ್ಷದಿಂದ ಲಿಥಿಯಂನಲ್ಲಿರುವ ಒಬ್ಬ ‘ಸೆಕೆಗಾಲಕ್ಕೆ ಮೊದಲು ರಕ್ತ ಪರೀಕ್ಷೆ ಮಾಡಿಸು, ನೀರಿನ ಬಾಟಲಿ ಬಿಡಬೇಡ, ಉಪವಾಸ ಹಿಡಿಯುವುದಿದ್ದರೆ ಮೊದಲು ಡಾಕ್ಟರಲ್ಲಿ ಕೇಳು’ ಅಂತ ಹೊಸಬನಿಗೆ ಹೇಳುವುದು ಜೊತೆಗಾರರ ಬೆಂಬಲದ ಅತ್ಯಂತ ಸರಳ ರೂಪ. ಮೀನು ಬಿಡಬೇಕಾ ಅಂತ ಕೇಳುವವರೂ ಜಾಸ್ತಿ. ಸಾಮಾನ್ಯವಾಗಿ ಬಿಡಬೇಕಾಗಿಲ್ಲ. ಬಿಡಬೇಕಾದ್ದು ಕುಡಿತದ ಬಾಟಲಿ.

ಬಾಟಲಿ ಅಂದಾಗ ನೆನಪಿಗೆ ಬರುವ ವಿಷಯ. ಜೊತೆಗಾರರ ಬೆಂಬಲ ನಮ್ಮ ಕರಾವಳಿಗೆ ಹೊಸದು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಸೇರಿ ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತವೆ. ಎಂಟು ದಿನದ ಶಿಬಿರ, ಊರಿನ ಸಭಾಭವನದಲ್ಲೋ ದೇವಸ್ಥಾನದ ಹಾಲ್‌ನಲ್ಲೋ ನಡೆಯುತ್ತದೆ. ನನಗೆ ಮುಖ್ಯ ಅನಿಸುವುದು ಶಿಬಿರ ಮುಗಿದ ಮೇಲಿನ ವ್ಯವಸ್ಥೆ. ಕುಡಿತ ಬಿಟ್ಟವರು ನವಜೀವನ ಸಮಿತಿ ಅಂತ ಮಾಡಿಕೊಂಡು ಆಗಾಗ ಸೇರುತ್ತಾರೆ, ಹೊಸ ಶಿಬಿರಕ್ಕೆ ಹಳಬರು ಬಂದು ತಮ್ಮ ಕತೆ ಹೇಳುತ್ತಾರೆ. ಇದರ ತಿರುಳು 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು ಸೇರಿ ಹುಟ್ಟುಹಾಕಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ತಿರುಳೇ. ಆ ಎಎ ಸಭೆಗಳು ಮಂಗಳೂರಿನಲ್ಲೂ ನಡೆಯುತ್ತವೆ. ಕುಡಿಯುವ ಆಸೆ ಬಂದ ರಾತ್ರಿ ಫೋನ್ ಮಾಡಲು ಒಬ್ಬ ಮನುಷ್ಯ ಬೇಕು, ಆ ಮನುಷ್ಯನೂ ಕುಡಿದು ಬಿಟ್ಟವನಾಗಿರಬೇಕು, ಅಷ್ಟೇ. ಒಂದು ಎಚ್ಚರಿಕೆ ಮಾತ್ರ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಭ್ರಮೆ, ಪ್ರಾಣಾಪಾಯ ಕೂಡ ಬರಬಹುದು. ಆ ಮೊದಲ ದಿನಗಳು ವೈದ್ಯರ ಕಣ್ಣೆದುರೇ ಆಗಬೇಕು.

ಹಾಗಾದರೆ ಕುಡಿತಕ್ಕೆ ಇಷ್ಟು ಚಂದ ನಡೆಯುವ ಪದ್ಧತಿ ಇಲ್ಲದ ಧ್ವನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಸ್ಕಿಜೋಫ್ರೇನಿಯಾಕ್ಕೆ, ಬೈಪೋಲಾರ್‌ಗೆ, ಬಾಣಂತಿಯ ಖಿನ್ನತೆಗೆ ಯಾಕೆ ನಡೆಯುವುದಿಲ್ಲ? ಕುಡಿತ ಬಿಟ್ಟವನಿಗೆ ಊರಲ್ಲಿ ಮರ್ಯಾದೆ ಸಿಗುತ್ತದೆ, ವೇದಿಕೆಗೆ ಕರೆದು ಹಾರ ಹಾಕುತ್ತಾರೆ. ‘ನನಗೆ ಸ್ಕಿಜೋಫ್ರೇನಿಯಾ, ಮದ್ದಿನಲ್ಲಿದ್ದೇನೆ, ಚೆನ್ನಾಗಿದ್ದೇನೆ’ ಅಂದವನಿಗೆ ಹಾರ ಹಾಕಿದ್ದು ನಾನು ಕೇಳಿಲ್ಲ. ಅವನು ಹಾಗೆ ಹೇಳಿದರೆ ಮೊದಲು ಹೆದರುವುದು ಅವನ ಅಕ್ಕನ ಗಂಡನ ಮನೆಯವರು. ಎರಡನೆಯದು ಊರು ಸಣ್ಣದು. ಇಬ್ಬರು ಅಪರಿಚಿತರು ಬಸ್ಸಿನಲ್ಲಿ ಕೂತರೆ ‘ಮನೆ ಎಲ್ಲಾಯ್ತು’ ಅನ್ನುವುದು ಮೊದಲ ಪ್ರಶ್ನೆ, ಎರಡನೇ ಪ್ರಶ್ನೆಗೆ ಸಂಬಂಧವೇ ಸಿಕ್ಕಿಬಿಡುತ್ತದೆ. ಗುಂಪಿನಲ್ಲಿ ಹೇಳಿದ್ದು ಗುಂಪಿನಲ್ಲೇ ಇರಬೇಕು ಅನ್ನುವ ನಿಯಮ ಎಲ್ಲ ಕಡೆ ಉಂಟು, ಆದರೆ ಇಲ್ಲಿ ಅದು ಜೀವನ್ಮರಣದ ನಿಯಮ. ಕುಂದಾಪುರದವರಿಗೆ ಕುಂದಾಪುರದಲ್ಲಿ ಗುಂಪು ಬೇಡ, ಮಣಿಪಾಲದಲ್ಲಿ ಬೇಕು. ಮೂಲ್ಕಿಯವರು ಮಂಗಳೂರಿಗೆ ಬರಲಿ. ಪರಿಚಯದ ಮುಖ ಕಂಡರೆ ಎದ್ದು ಹೋಗುವ ಸ್ವಾತಂತ್ರ್ಯ ಇರಲಿ, ಕಾರಣ ಕೇಳಬಾರದು. ಪೂರ್ತಿ ಹೆಸರು, ಮನೆತನ, ಜಾತಿ ಯಾವುದನ್ನೂ ಹೇಳಬೇಕಾಗಿಲ್ಲ.

ಭಾಷೆಯೂ ಒಂದು ವಿಷಯ. ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಮಾತಾಡುವ ಎಷ್ಟೋ ಜನ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವವರು. ಅಳು ಬರುವುದು ಮನೆಯ ಭಾಷೆಯಲ್ಲಿ. ಡಾಕ್ಟರು ಕೇರಳದಿಂದಲೋ ಉತ್ತರ ಭಾರತದಿಂದಲೋ ಬಂದು ಪಿಜಿ ಓದುತ್ತಿರುವ ಹುಡುಗ ಆಗಿರುತ್ತಾನೆ, ನರ್ಸ್ ಅನುವಾದ ಮಾಡುತ್ತಾಳೆ, ನಡುವೆ ಅರ್ಧ ಸೋರಿಹೋಗುತ್ತದೆ. ಜೊತೆಗಾರರ ಗುಂಪಿನಲ್ಲಿ ಯಾವ ಭಾಷೆಯಲ್ಲಾದರೂ ಮಾತಾಡಬಹುದು ಅಂತ ಮೊದಲ ದಿನವೇ ಹೇಳಿಬಿಟ್ಟರೆ ಅರ್ಧ ಕೆಲಸ ಆದ ಹಾಗೆ.

ಮನೆಯವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಚೇತರಿಕೆ ಆಗುವುದೂ ಕೆಡುವುದೂ ಮನೆಯಲ್ಲಿಯೇ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಅನ್ನುವ ಸಮಾಜಶಾಸ್ತ್ರಜ್ಞ ಒಂದು ವಿಚಿತ್ರ ಗಮನಿಸಿದರು. ಆಸ್ಪತ್ರೆಯಿಂದ ತಂದೆತಾಯಿ ಅಥವಾ ಹೆಂಡತಿ ಇರುವ ಮನೆಗೆ ಹೋದವರು, ಬಾಡಿಗೆ ಕೋಣೆಗೆ ಹೋದವರಿಗಿಂತ ಹೆಚ್ಚು ಸಲ ಮತ್ತೆ ಕಾಯಿಲೆ ಬೀಳುತ್ತಿದ್ದರು. ಪ್ರೀತಿ ಇರುವ ಕಡೆ ಕಾಯಿಲೆ ಜಾಸ್ತಿಯಾ? ಮುಂದೆ ನಡೆದ ಅಧ್ಯಯನಗಳಲ್ಲಿ ಗೊತ್ತಾಗಿದ್ದು, ಕೆಡುಕು ಇರುವುದು ಮಾತಿನ ಧಾಟಿಯಲ್ಲಿ ಅಂತ. ಸದಾ ಟೀಕೆ, ಸಿಟ್ಟು, ಇಲ್ಲವೇ ಉಸಿರು ಕಟ್ಟುವಷ್ಟು ಕಾಳಜಿ, ಈ ಮೂರರಲ್ಲಿ ಒಂದಾದರೂ ಇರುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ. 1980ರ ದಶಕದಲ್ಲಿ ಚಂಡೀಗಢದಲ್ಲಿ ಇದೇ ಅಳತೆಗೋಲಿನಿಂದ ನೋಡಿದಾಗ ನಮ್ಮ ದೇಶದ ಮನೆಗಳಲ್ಲಿ ಈ ಧಾಟಿ ಲಂಡನ್ನಿಗಿಂತ ಕಡಿಮೆ ಕಂಡಿತು. ಖುಷಿಪಡಬೇಕಾದ ವಿಷಯವೇ. ಆದರೆ ಅದು ಕೂಡುಕುಟುಂಬದ ಕಾಲ. ಈಗ ಸುರತ್ಕಲ್ಲಿನ ಫ್ಲಾಟಿನಲ್ಲಿ ನಿವೃತ್ತ ಅಪ್ಪ, ಅಮ್ಮ, ಗಲ್ಫಿನಿಂದ ಕಾಯಿಲೆ ಬಿದ್ದು ವಾಪಸು ಬಂದ ಮಗ, ಮೂರೇ ಜನ. ‘ಎಷ್ಟು ಹೊತ್ತು ಮಲಗುವುದು, ಎದ್ದು ಏನಾದರೂ ಮಾಡು’ ಅಂತ ಅಪ್ಪ. ಮೂವತ್ತು ವರ್ಷದವನಿಗೆ ತುತ್ತು ಕಲಸಿ ಕೊಡುವ ಅಮ್ಮ. ಇಬ್ಬರದೂ ಪ್ರೀತಿಯೇ. ಇಬ್ಬರದೂ ಅವನಿಗೆ ಉಪದ್ರವೇ.

ಮನೆಯವರಿಗೂ ಜೊತೆಗಾರರು ಬೇಕು ಅನ್ನುವುದು ಇದಕ್ಕೇ. ಈ ವಿಷಯದಲ್ಲಿ ಭಾರತ ಜಗತ್ತಿಗಿಂತ ಮುಂದೆ ಇತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಅವರು ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದಲ್ಲೇ ಟೆಂಟ್ ಹಾಕಿ ಉಳಿಸಿಕೊಂಡರು. ಯುರೋಪಿನಲ್ಲಿ ಆಗ ಮನೆಯವರನ್ನು ದೂರ ಇಡುವುದೇ ಪದ್ಧತಿ. ಟೆಂಟಿನಲ್ಲಿ ಪಕ್ಕ ಪಕ್ಕ ಇದ್ದವರು ಒಬ್ಬರ ಮಗ ಸುಧಾರಿಸುವುದನ್ನು ಇನ್ನೊಬ್ಬರು ಕಣ್ಣಾರೆ ನೋಡಿದರು, ಅಡುಗೆ ಮಾಡುತ್ತ ಕಲಿತರು. ವೆಲ್ಲೂರಿನ ಸಿಎಂಸಿಯೂ ಅದೇ ದಶಕದಲ್ಲಿ ಈ ದಾರಿ ಹಿಡಿಯಿತು. ಇವತ್ತು ನಮ್ಮ ಆಸ್ಪತ್ರೆಗಳ ವಾರ್ಡಿನಲ್ಲಿ ರೋಗಿಯ ಪಕ್ಕ ಚಾಪೆ ಹಾಕಿ ಮಲಗುವ ಅಮ್ಮಂದಿರು ರಾತ್ರಿ ಹೊತ್ತು ಪಿಸುಗುಟ್ಟಿಕೊಳ್ಳುವುದು ಅದರದ್ದೇ ಮುಂದುವರಿಕೆ. ವಾರ್ಡಿನಲ್ಲಿ ಫೋನ್ ನಂಬರ್ ಬದಲಾಯಿಸಿಕೊಂಡ ಇಬ್ಬರು ಅಮ್ಮಂದಿರು, ನನ್ನ ಲೆಕ್ಕದಲ್ಲಿ, ಆಗಲೇ ಒಂದು ಗುಂಪು.

ಇದೆಲ್ಲ ಕೇಳಲು ಚೆಂದ, ನಿಜವಾಗಿ ಕೆಲಸ ಮಾಡುತ್ತದಾ? ಮಾಡುತ್ತದೆ, ಆದರೆ ಪವಾಡ ಅಲ್ಲ. ಇಂಗ್ಲೆಂಡಿನಲ್ಲಿ ಮಾನಸಿಕ ಬಿಕ್ಕಟ್ಟಿಗೆ ತುರ್ತು ಚಿಕಿತ್ಸೆ ಮುಗಿಸಿ ಹೊರಬಂದ 441 ಜನರ ಮೇಲೆ ಒಂದು ಪರೀಕ್ಷೆ ನಡೆಯಿತು, 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅರ್ಧ ಜನರಿಗೆ ಸ್ವಂತ ಅನುಭವ ಇರುವ, ತರಬೇತಿ ಪಡೆದ ಜೊತೆಗಾರರ ಭೇಟಿ ಮತ್ತು ತಮ್ಮ ಚೇತರಿಕೆಯ ಯೋಜನೆ ಬರೆದುಕೊಳ್ಳುವ ಒಂದು ವರ್ಕ್‌ಬುಕ್, ಉಳಿದವರಿಗೆ ಅಂಚೆಯಲ್ಲಿ ಬರೀ ವರ್ಕ್‌ಬುಕ್. ವರ್ಷದೊಳಗೆ ಮತ್ತೆ ತುರ್ತು ಚಿಕಿತ್ಸೆಗೆ ಹೋಗಬೇಕಾಗಿ ಬಂದವರು ಮೊದಲ ಗುಂಪಿನಲ್ಲಿ 29 ಶೇಕಡಾ, ಎರಡನೆಯದರಲ್ಲಿ 38 ಶೇಕಡಾ. ಒಳ್ಳೆಯ ವ್ಯತ್ಯಾಸವೇ. ಆದರೆ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಹೇಳುವುದೇನೆಂದರೆ, ಭರವಸೆ ಮತ್ತು ಆತ್ಮವಿಶ್ವಾಸ ಏರುವುದು ಸಾಮಾನ್ಯವಾಗಿ ಕಾಣುತ್ತದೆ, ಆಸ್ಪತ್ರೆ ಸೇರುವುದು ತಪ್ಪುತ್ತದಾ, ಲಕ್ಷಣ ಇಳಿಯುತ್ತದಾ ಅನ್ನುವುದಕ್ಕೆ ಸಾಕ್ಷಿ ಅಷ್ಟು ಗಟ್ಟಿ ಇಲ್ಲ. ಮದ್ದಿನ ಬದಲು ಗುಂಪು ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ನಮ್ಮ ಪಕ್ಕದ್ದೇ ಒಂದು ಅಧ್ಯಯನ ಉಂಟು. ಗೋವಾ, ತಮಿಳುನಾಡು, ಮಹಾರಾಷ್ಟ್ರದ ಸಾತಾರಾ, ಮೂರು ಕಡೆ ಸ್ಕಿಜೋಫ್ರೇನಿಯಾ ಇರುವ 282 ಜನ. ಕೆಲವರಿಗೆ ಆಸ್ಪತ್ರೆ ಚಿಕಿತ್ಸೆ ಮಾತ್ರ, ಉಳಿದವರಿಗೆ ಅದರ ಜೊತೆ ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೆ ಬಂದು ಹೋಗುವುದು. 2014ರಲ್ಲಿ ಬಂದ ಫಲಿತಾಂಶದ ಪ್ರಕಾರ, ವರ್ಷದ ಕೊನೆಗೆ ಎರಡನೇ ಗುಂಪಿನವರ ಲಕ್ಷಣವೂ ದಿನನಿತ್ಯದ ತೊಡಕೂ ಸ್ವಲ್ಪ ಹೆಚ್ಚು ಇಳಿದಿತ್ತು. ಆ ಕಾರ್ಯಕರ್ತರು ಡಾಕ್ಟರು, ನರ್ಸ್ ಯಾರೂ ಅಲ್ಲ, ಊರಿನವರೇ. ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಿಂದ ಅಜ್ಜಿಯಂದಿರಿಗೆ ತರಬೇತಿ ಕೊಟ್ಟು ಕ್ಲಿನಿಕ್ ಹೊರಗೆ ಮರದ ಬೆಂಚಿನಲ್ಲಿ ಕೂರಿಸಿದರು. ‘ತುಂಬ ಯೋಚನೆ’ ಅಂತ ಬಂದವರ ಜೊತೆ ಅಜ್ಜಿ ಕೂತು ಒಂದು ಸಮಸ್ಯೆ ಆರಿಸಿ, ಮುಂದಿನ ವಾರಕ್ಕೆ ಒಂದು ಹೆಜ್ಜೆ ತೀರ್ಮಾನ ಮಾಡುವುದು. ಗುಜರಾತಿನ ಹಳ್ಳಿಗಳಲ್ಲಿ ಆತ್ಮೀಯತಾ ಅನ್ನುವ ಯೋಜನೆ ಇದೇ ಥರ ಊರಿನ ಸ್ವಯಂಸೇವಕರನ್ನು ನೆಚ್ಚಿಕೊಂಡಿದೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಳ್ಳೆಯ ಮಾದರಿಗಳ ಪಟ್ಟಿ ಮಾಡುವಾಗ ಈ ಎರಡನ್ನೂ ಸೇರಿಸಿತು. ನಮ್ಮಲ್ಲಿ ಸ್ವಸಹಾಯ ಸಂಘದ ವಾರದ ಸಭೆ ತಪ್ಪದ ಹಳ್ಳಿಯೇ ಕಡಿಮೆ. ಬೀಡಿ ಬ್ರ್ಯಾಂಚಿಗೆ ಬೀಡಿ ಕೊಡಲು ಬರುವ ಹೆಂಗಸರಿಗೆ ಯಾವ ಮನೆಯಲ್ಲಿ ಯಾರು ನಿದ್ದೆ ಬಿಟ್ಟಿದ್ದಾರೆ ಅಂತ ಆಶಾ ಕಾರ್ಯಕರ್ತೆಗಿಂತ ಮೊದಲು ಗೊತ್ತಿರುತ್ತದೆ. ಬೆಂಚು ಹೊಸದಾಗಿ ಮಾಡಿಸಬೇಕಾಗಿಲ್ಲ.

ದೈವದ ವಿಷಯ ಬಿಟ್ಟು ಕರಾವಳಿಯ ಬಗ್ಗೆ ಬರೆದರೆ ಅದು ಅರೆಬರೆ. ಮಗಳಿಗೆ ಹೀಗೆ ಆಯ್ತು ಅಂದರೆ ಮೊದಲು ಪ್ರಶ್ನೆ ಇಡುತ್ತಾರೆ, ದರ್ಶನದಲ್ಲಿ ಕೇಳುತ್ತಾರೆ, ಚರ್ಚಿಗೆ, ದರ್ಗಾಕ್ಕೆ ಹೋಗುತ್ತಾರೆ. ಇದನ್ನು ಗೇಲಿ ಮಾಡುವವರು ಒಂದು ಮರೆಯುತ್ತಾರೆ. ದೈವದ ಎದುರು ಇಡೀ ಕುಟುಂಬ ಒಟ್ಟಿಗೆ ನಿಂತು ‘ನಮ್ಮ ಮಗುವಿಗೆ ಹೀಗಾಗಿದೆ’ ಅಂತ ಬಾಯಿಬಿಟ್ಟು ಹೇಳುತ್ತದೆ, ಅಷ್ಟು ಬಹಿರಂಗವಾಗಿ ಅವರು ಬೇರೆಲ್ಲೂ ಹೇಳುವುದಿಲ್ಲ. ಹರಕೆಯೂ ಇರಲಿ, ಮದ್ದೂ ಇರಲಿ, ಒಂದು ಇನ್ನೊಂದಕ್ಕೆ ಅಡ್ಡ ಬರಬಾರದು ಅಷ್ಟೇ. ಅಡ್ಡ ಬಂದರೆ ಏನಾಗುತ್ತದೆ ಅನ್ನುವುದಕ್ಕೆ, ಮಾನಸಿಕ ರೋಗಿಗಳನ್ನು ದರ್ಗಾಕ್ಕೆ ಕರೆತರುವ ತಮಿಳುನಾಡಿನ ಏರ್ವಾಡಿ ಸಾಕ್ಷಿ. 2001ರ ಆಗಸ್ಟ್ 6ರಂದು ಅಲ್ಲಿಯ ಒಂದು ಆಶ್ರಯತಾಣಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಲಾಗಿದೆ, ಯಾವ ಹೆಸರಿನಲ್ಲೂ ಮಾಡುವಂತಿಲ್ಲ.

ಜೊತೆಗಾರರು ಎಡವುವ ಜಾಗಗಳೂ ಉಂಟು. ತನಗೆ ಕೆಲಸ ಮಾಡಿದ ಮದ್ದು ಎಲ್ಲರಿಗೂ ಮಾಡುತ್ತದೆ ಅಂತ ಹೇಳುವುದು ಮೊದಲನೆಯದು. ‘ನಾನು ಬಿಟ್ಟೆ, ಏನೂ ಆಗಲಿಲ್ಲ’ ಅನ್ನುವುದು ಅದಕ್ಕಿಂತ ಅಪಾಯ. ಯಾವ ಮದ್ದು, ಎಷ್ಟು ಮಿಲಿಗ್ರಾಂ ಅನ್ನುವುದು ಗುಂಪಿನ ವಿಷಯವೇ ಅಲ್ಲ, ಮದ್ದಿನ ಜೊತೆ ಬದುಕುವುದು ಹೇಗೆ ಅನ್ನುವುದು ಮಾತ್ರ ಗುಂಪಿನ ವಿಷಯ. ರಾತ್ರಿ ಎರಡು ಗಂಟೆಗೆ ಬರುವ ಫೋನು ಎರಡನೆಯದು. ಜೊತೆಗಾರನೂ ಕಾಯಿಲೆಯಿಂದ ಎದ್ದವನು, ಅವನ ನಿದ್ದೆ ಕೆಟ್ಟರೆ ಅವನೇ ಬೀಳುತ್ತಾನೆ. ಇಷ್ಟು ಗಂಟೆಯವರೆಗೆ ಮಾತ್ರ ನಾನು, ಆಮೇಲೆ 14416 ಅಂತ ಮೊದಲೇ ಹೇಳಿಡಬೇಕು. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರಕಾರದ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಯಾರೋ ‘ಸಾಕಾಯ್ತು’ ಅಂತ ಬರೆದಾಗ ಮೂವತ್ತು ಜನ ಕೈಮುಗಿಯುವ ಇಮೋಜಿ ಹಾಕುವುದಲ್ಲ, ಒಬ್ಬರು ಕೂಡಲೇ ಫೋನ್ ಮಾಡಿ ನೇರ ಕೇಳಬೇಕು, ‘ಸಾಯುವ ಯೋಚನೆ ಬರ್ತಿದೆಯಾ’ ಅಂತ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಒಂಟಿ ಬಿಡಬಾರದು, ಮನೆಯವರಿಗೂ ಡಾಕ್ಟರಿಗೂ ತಿಳಿಸಬೇಕು. ಗುಟ್ಟು ಕಾಪಾಡುವ ನಿಯಮಕ್ಕೆ ಇರುವ ವಿನಾಯಿತಿ ಇದು, ಅದನ್ನೂ ಮೊದಲ ದಿನವೇ ಹೇಳಿರಬೇಕು.

ಕಾನೂನು ನಮ್ಮ ಪರ ಉಂಟು ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. 2018ರ ಮೇ 29ರಿಂದ ಜಾರಿಗೆ ಬಂದ ಆ 2017ರ ಕಾಯ್ದೆಯ 19ನೇ ಕಲಮು ಸಮಾಜದ ನಡುವೆ ಬದುಕುವುದನ್ನು ಹಕ್ಕು ಅನ್ನುತ್ತದೆ. ಮನೆಯವರು ಒಪ್ಪುವುದಿಲ್ಲ, ಹೊರಗೆ ವ್ಯವಸ್ಥೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಚೆನ್ನಾಗಿರುವಾಗಲೇ, ಮುಂದೆ ಕಾಯಿಲೆ ಬಿದ್ದರೆ ನನಗೆ ಹೇಗೆ ಚಿಕಿತ್ಸೆ ಬೇಕು, ಹೇಗೆ ಬೇಡ ಅಂತ ಬರೆದಿಡಬಹುದು, ನನ್ನ ಪರವಾಗಿ ಯಾರು ಮಾತಾಡಬೇಕು ಅಂತ ಹೆಸರು ಸೂಚಿಸಬಹುದು. ತುರ್ತು ಚಿಕಿತ್ಸೆಗೆ ಮಾತ್ರ ಈ ಬರಹ ಅನ್ವಯ ಆಗುವುದಿಲ್ಲ. ಇದನ್ನು ಒಬ್ಬರೇ ಕೂತು ಬರೆಯುವುದು ಕಷ್ಟ, ಹಿಂದಿನ ಸಲ ಏನು ಹಿತ ಆಯಿತು, ಏನು ಅವಮಾನ ಆಯಿತು ಅಂತ ನೆನಪಿಸಿಕೊಳ್ಳಬೇಕು. ಗುಂಪಿನ ಒಂದಿಡೀ ಸಭೆಯನ್ನು ಇದಕ್ಕೇ ಇಡಬಹುದು.

ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕಾರ್ಯಕ್ರಮ ಉಂಟು, ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುತ್ತಾರೆ. ಚೇತರಿಸಿಕೊಳ್ಳುವವರು ಹಗಲು ಹೊತ್ತು ಹೋಗಿ ಕೂತು ಕೆಲಸ ಕಲಿಯುವ ಮಾನಸಧಾರಾ ಕೇಂದ್ರಗಳ ಯೋಜನೆಯೂ ಉಂಟು. ಇವೆರಡರಲ್ಲೂ ಚೇತರಿಸಿಕೊಂಡವರಿಗೆ ಒಂದು ಹುದ್ದೆ ಯಾಕೆ ಇಡಬಾರದು ಅನ್ನುವುದು ನನ್ನ ಪ್ರಶ್ನೆ. ಮಂಗಳವಾರ ಕ್ಯೂನಲ್ಲಿ ಎರಡು ಗಂಟೆ ಕಾಯುವವರ ನಡುವೆ ಅಂಥ ಒಬ್ಬರು ಕೂತಿದ್ದರೆ ಸಾಕು. ಡಿಸ್ಚಾರ್ಜ್ ಚೀಟಿ ಕೈಗೆ ಬರುವ ದಿನ ನೀವು ಕೂಡ ಆಸ್ಪತ್ರೆಯ ಸೋಶಿಯಲ್ ವರ್ಕರ್ ಹತ್ತಿರ ಕೇಳಬಹುದು, ‘ಇದೇ ಕಾಯಿಲೆಯಿಂದ ಎದ್ದವರು, ಮಾತಾಡಲು ಒಪ್ಪುವವರು ಯಾರಾದರೂ ಇದ್ದಾರಾ’ ಅಂತ. ಅವರ ಒಪ್ಪಿಗೆ ಪಡೆದು ನಂಬರ್ ಕೊಡುವುದು ದೊಡ್ಡ ಕೆಲಸವೇನಲ್ಲ. ಹತ್ತು ಜನ ಕೇಳಿದರೆ ಅವರೇ ಒಂದು ಪಟ್ಟಿ ಮಾಡಿಕೊಳ್ಳುತ್ತಾರೆ.

ಮತ್ತೆ ದುಡ್ಡು. ಜೊತೆಗಾರ ಅಂದರೆ ಸೇವೆ, ಸೇವೆ ಅಂದರೆ ಪುಕ್ಕಟೆ ಅಂತ ನಮ್ಮಲ್ಲಿ ಒಂದು ಅಭ್ಯಾಸ. ಅಮೆರಿಕದ ಜಾರ್ಜಿಯಾ ರಾಜ್ಯ 1999ರಲ್ಲೇ ತರಬೇತಿ ಪಡೆದ ಜೊತೆಗಾರರ ಕೆಲಸಕ್ಕೆ ಸರಕಾರಿ ಆರೋಗ್ಯ ವಿಮೆಯಿಂದ ಹಣ ಕೊಡಲು ಶುರು ಮಾಡಿತು, ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಅದು ಸಂಬಳದ ಕೆಲಸ. ಇಲ್ಲಿ ಅಷ್ಟು ಬೇಡ, ಕಾರ್ಕಳದಿಂದ ಉಡುಪಿಗೆ ಬಂದು ಅರ್ಧ ದಿನ ವಾರ್ಡಿನಲ್ಲಿ ಕೂತು ಹೋಗುವವನಿಗೆ ಬಸ್ ಚಾರ್ಜು, ಮಧ್ಯಾಹ್ನದ ಊಟ ಮತ್ತು ಆ ದಿನದ ಕೂಲಿ ಸಿಕ್ಕಿದರೆ ಅವನು ಮುಂದಿನ ವಾರವೂ ಬರುತ್ತಾನೆ.